ಕಪ್ಪುಹಲಗೆ ಬಣ್ಣ: ಖರ್ಚು ಕಮ್ಮಿ, ಕೈಕೆಲಸ ಜಾಸ್ತಿ

(ನಮ್ಮ ಬಡಾವಣೆಯ ಕೈಕೆಲಸ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಮಧ್ಯೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಪ್ಪುಹಲಗೆ ಬಣ್ಣ, ಅಂದರೆ ಬಳಿದ ಕಡೆ ಸೀಮೆಸುಣ್ಣದಲ್ಲಿ ಬರೆದು ಅಳಿಸಬಹುದಾದ ಬಣ್ಣ, ಬಳಸಿ ಮನೆ ಅಲಂಕಾರ ಮಾಡೋದು ಹೇಗೆ ಅಂತ ಹೇಳಿ ಎಂದು ಕೇಳಿದ್ದೀರಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಬಣ್ಣದ ಕೆಲಸ ಅಂದುಕೊಂಡು ಬಂದಿದ್ದರೆ, ಬಣ್ಣದ ಪಾಲು ಇದರಲ್ಲಿ ತೀರಾ ಸಣ್ಣದು. ಬಳಿಯೋದಕ್ಕೆ ಹತ್ತು ನಿಮಿಷ ಸಾಕು. ಅದಕ್ಕೆ ಮುಂಚೆ ಉಜ್ಜೋದು, ತೊಳೆಯೋದು, ಒಣಗಿಸೋದು, ಆಮೇಲೆ ಮೂರು ದಿನ ಮುಟ್ಟದೆ ಬಿಡೋದು, ಇದಿಷ್ಟೂ ಸರಿಯಾಗಿ ಮಾಡಿದರೆ ಮಾತ್ರ ಹಲಗೆ ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ದುಬಾರಿ ಡಬ್ಬ ತಂದು ಜಿಡ್ಡಿನ ಗೋಡೆಗೆ ಬಳಿದರೆ ತಿಂಗಳೊಳಗೆ ಸಿಪ್ಪೆ ಏಳುತ್ತದೆ. ಮನೆಯಲ್ಲಿ ಉಳಿದ ಬಣ್ಣಕ್ಕೇ ಪುಡಿ ಕಲಸಿ, ಚೆನ್ನಾಗಿ ಉಜ್ಜಿದ ಹಲಗೆಗೆ ಬಳಿದರೆ ಮಕ್ಕಳು ಬರೆದು ಬರೆದು ಅಳಿಸಿದರೂ ಏನೂ ಆಗೋದಿಲ್ಲ.

ಎರಡನೇ ಮಾತು ಜಾಗದ್ದು. ದಿನಾ ಕೈ ಹೋಗುವ ಕಡೆ ಇಲ್ಲದ ಕಪ್ಪುಹಲಗೆ ಸುಮ್ನೆ ಒಂದು ಕಪ್ಪು ಚೌಕ ಅಷ್ಟೆ. ನಡುಮನೆಯ ಗೋಡೆ ಮೇಲೆ ಸೋಫಾ ಹಿಂದೆ, ಏಣಿ ಹಾಕಿಕೊಂಡು ಬರೆಯಬೇಕಾದಷ್ಟು ಎತ್ತರದಲ್ಲಿ ದೊಡ್ಡ ಬೋರ್ಡು ಮಾಡಿ, ಮೊದಲ ದಿನ ಬರೆದ ಸುಭಾಷಿತ ಎರಡು ವರ್ಷ ಹಾಗೇ ಇರುವ ಮನೆಗಳನ್ನು ನೋಡಿದ್ದೇನೆ. ಅದೇ ಅಡುಗೆಮನೆ ಬಾಗಿಲ ಪಕ್ಕ, ಒಂದಡಿ ಅಗಲದ ಹಲಗೆಯಲ್ಲಿ ಸಿಲಿಂಡರ್ ಹಾಕಿದ ತಾರೀಕು, ಹಾಲಿನ ಲೆಕ್ಕ, ನೀರು ಬರುವ ದಿನ, ನಾಳೆ ನೆನೆಹಾಕಬೇಕಾದ ಕಾಳು, ಇಷ್ಟು ಬರೆದಿರುವ ಮನೆ ನೋಡಿ. ನನಗಂತೂ ಅದೇ ಚೆಂದ ಕಾಣುತ್ತದೆ. ಅಲಂಕಾರ ಅನ್ನೋದು ಬಳಕೆಯಿಂದ ಬರಬೇಕು ಎಂದು ನಂಬಿದವಳು ನಾನು. ಇವತ್ತು ಹೇಳೋದೆಲ್ಲ ಆ ನಂಬಿಕೆಯ ಮೇಲೇ ನಿಂತಿದೆ.

ಈ ಬಣ್ಣ ಅಂದರೆ ಏನು ಅಂತ ಒಮ್ಮೆ ತಿಳಿದುಕೊಳ್ಳೋಣ. ಆಮೇಲಿನದ್ದೆಲ್ಲ ಸುಲಭ. ಸೀಮೆಸುಣ್ಣದಲ್ಲಿ ಬರೆಯೋದು ಅಂದರೆ ಸೀಮೆಸುಣ್ಣ ತೇಯೋದು. ತೇಯಬೇಕಾದರೆ ಹಲಗೆಯ ಮೈ ಸ್ವಲ್ಪ ಒರಟಾಗಿರಬೇಕು. ಹೊಳೆಯುವ ಎನಾಮಲ್ ಬಣ್ಣದ ಮೇಲೆ ಸೀಮೆಸುಣ್ಣ ಜಾರುತ್ತದೆ, ಬರೆಯೋದೇ ಇಲ್ಲ. ಸರಿ, ಹೊಳಪಿಲ್ಲದ ಮ್ಯಾಟ್ ಎಮಲ್ಷನ್ (ನೀರು ಬೆರೆಸುವ ಗೋಡೆ ಬಣ್ಣ) ಬಳಿಯೋಣ ಅಂದರೆ ಅದರ ಮೇಲೆ ಅಕ್ಷರ ಮೂಡುತ್ತದೆ, ಆದರೆ ಆ ಬಣ್ಣ ಮೆತ್ತಗೆ. ನಾಲ್ಕು ಸಲ ಒರೆಸುವಷ್ಟರಲ್ಲಿ ಗೀರು ಬಿದ್ದು, ಅಲ್ಲಲ್ಲಿ ಉಜ್ಜಿ ಹೊಳಪು ಬಂದು, ಹಳೆ ಅಕ್ಷರದ ನೆರಳು ನಿಂತುಬಿಡುತ್ತದೆ. ಅದಕ್ಕೇ ಬಣ್ಣದೊಳಗೆ ನುಣ್ಣನೆಯ, ಗಟ್ಟಿಯಾದ ಒಂದು ಪುಡಿ ಬೇಕು. ಕಪ್ಪು ಕೊಡುವ ಬಣ್ಣ, ಅದನ್ನು ಹಿಡಿದಿಡುವ ಅಂಟು, ಗಟ್ಟಿ ಮಾಡುವ ಪುಡಿ. ಈ ಮೂರು ಸೇರಿದರೆ ಕಪ್ಪುಹಲಗೆ ಬಣ್ಣ.

ಇದೇನೂ ಹೊರಗಿನಿಂದ ಬಂದ ಹೊಸ ಫ್ಯಾಷನ್ ಅಲ್ಲ. 11ನೇ ಶತಮಾನದಲ್ಲಿ ನಮ್ಮ ದೇಶದ ಬಗ್ಗೆ ಬರೆದ ಅಲ್ ಬಿರೂನಿ, ಇಲ್ಲಿ ಶಾಲೆಯ ಮಕ್ಕಳು ಕಪ್ಪು ಹಲಗೆಯ ಮೇಲೆ ಬಿಳಿ ವಸ್ತುವಿನಿಂದ, ಹಲಗೆಯ ಉದ್ದಕ್ಕೆ, ಎಡದಿಂದ ಬಲಕ್ಕೆ ಬರೆಯುತ್ತಾರೆ ಎಂದು ದಾಖಲಿಸಿದ್ದಾನೆ. ನಮ್ಮ ಕನ್ನಡ ನಾಡಿನಲ್ಲಂತೂ ಕಡತ ಇತ್ತು. ಈಗಿನ ಸರ್ಕಾರಿ ಫೈಲಲ್ಲ, ನಿಜವಾದ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು ಬಳಿದು, ಇದ್ದಿಲಿನಿಂದ ಕಪ್ಪು ಮಾಡಿ, ಒಣಗಿಸಿ, ಪುಸ್ತಕದ ಹಾಗೆ ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಹಳೆಯ ಲಿಪಿಗಳ ಬಗ್ಗೆ 1896ರಲ್ಲಿ ಪುಸ್ತಕ ತಂದ ಜರ್ಮನ್ ವಿದ್ವಾಂಸ ಬ್ಯೂಲರ್, ಕನ್ನಡ ವ್ಯಾಪಾರಿಗಳು ಲೆಕ್ಕಕ್ಕೆ ಇದನ್ನು ಇನ್ನೂ ಬಳಸುತ್ತಿದ್ದಾರೆ, ಶೃಂಗೇರಿ ಮಠದಲ್ಲಿ ಇಂಥ ನೂರಾರು ಕಡತಗಳಿವೆ ಎಂದು ಬರೆದಿದ್ದಾನೆ. ನೋಡಿ, ಇದ್ದಿಲು ಕಪ್ಪಿಗೆ, ಹುಣಸೆ ಬೀಜ ಅಂಟಿಗೆ, ಬಟ್ಟೆಯ ನೇಯ್ಗೆ ಒರಟಿಗೆ. ಲೆಕ್ಕ ಅದೇ ಅಲ್ವಾ?

ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಇದು ನೆನಪಿರುತ್ತದೆ. ಬೋರ್ಡು ಮಾಸಿದಾಗ ಮಕ್ಕಳೇ ಇದ್ದಿಲು ಕುಟ್ಟಿ, ಸೊಪ್ಪಿನ ರಸ ಸೇರಿಸಿ, ಕೆಲವು ಕಡೆ ತೊಂಡೆ ಸೊಪ್ಪು, ಅರೆದು ಬಟ್ಟೆಯುಂಡೆಯಲ್ಲಿ ಬಳಿಯುತ್ತಿದ್ದರು. ಸಾಯಂಕಾಲದವರೆಗೂ ಅಂಗೈ ಕಪ್ಪು. ಇಲ್ಲಿ ಹಿಂದೆ ಕೂತಿರುವ ಮೇಷ್ಟ್ರು ತಲೆಯಾಡಿಸುತ್ತಿದ್ದಾರೆ.

ಈಗ ಮನೆಯಲ್ಲೇ ಮಾಡುವ ಬಣ್ಣಕ್ಕೆ ಬರೋಣ. ಬೇಕಾಗಿರೋದು ಎರಡೇ. ಒಂದು, ಮ್ಯಾಟ್ ಎಮಲ್ಷನ್ ಬಣ್ಣ. ಇನ್ನೊಂದು, ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ಪುಡಿ, ಮರಳಿಲ್ಲದ್ದು. ಒಂದು ಕಪ್ ಬಣ್ಣಕ್ಕೆ ಎರಡು ದೊಡ್ಡ ಚಮಚ ಗ್ರೌಟ್. ಇಷ್ಟೇ ಅಳತೆ. ಮೂರು ಅಡಿಗೆ ಎರಡು ಅಡಿಯ ಹಲಗೆಗೆ ಎರಡು ಕೋಟು ಬಳಿಯೋದಕ್ಕೆ ಒಂದು ಕಪ್ ಧಾರಾಳವಾಗಿ ಸಾಕು. ಗ್ರೌಟ್ ಒಂದು ಕಿಲೋ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ನಿಮಗೆ ಬೇಕಾಗೋದು ಅದರಲ್ಲಿ ಒಂದು ಹಿಡಿಯೂ ಇಲ್ಲ. ಅಕ್ಕಪಕ್ಕ ಎಲ್ಲಾದರೂ ಟೈಲ್ಸ್ ಕೆಲಸ ನಡೆಯುತ್ತಿದ್ದರೆ ಮೇಸ್ತ್ರಿಯನ್ನು ಕೇಳಿ, ಉಳಿದದ್ದು ಕೊಡುತ್ತಾರೆ. ಕಪ್ಪು ಹಲಗೆಗೆ ಕಪ್ಪು ಗ್ರೌಟ್ ತಗೊಂಡರೆ ಬಣ್ಣ ಬೂದಿಗೆ ತಿರುಗೋದಿಲ್ಲ.

ಪುಡಿಯನ್ನು ಮೊದಲು ಒಂದೆರಡು ಚಮಚ ಬಣ್ಣದಲ್ಲಿ ಕಲಸಿ, ಗಂಟಿಲ್ಲದ ಪೇಸ್ಟ್ ಮಾಡಿಕೊಂಡು, ಆಮೇಲೆ ಉಳಿದ ಬಣ್ಣ ಸೇರಿಸಿ. ನೇರವಾಗಿ ಸುರಿದರೆ ಗಂಟು ಕಟ್ಟುತ್ತದೆ, ಆ ಗಂಟು ಬೋರ್ಡಿನ ಮೇಲೆ ಕಾಳಿನ ಹಾಗೆ ನಿಲ್ಲುತ್ತದೆ. ಗ್ರೌಟಿನಲ್ಲಿ ಸಿಮೆಂಟ್ ಇರುವುದರಿಂದ ಕಲಸಿದ್ದು ಬೇಗ ಬಿಗಿಯುತ್ತದೆ. ಹಾಗಾಗಿ ಆ ಹೊತ್ತಿಗೆ ಬೇಕಾದಷ್ಟೇ ಕಲಸಿ. ಉಳಿದದ್ದನ್ನು ಡಬ್ಬದಲ್ಲಿ ಇಟ್ಟುಕೊಂಡು ನಾಳೆ ಬಳಸೋಣ ಅಂದರೆ ಆಗೋದಿಲ್ಲ. ಸಿಮೆಂಟ್ ಕೈಗೆ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ. ಪುಡಿ ಹಾರುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಅಂಗಡಿಯಲ್ಲಿ ಕಪ್ಪು ಎಮಲ್ಷನ್ ಕೇಳುವಾಗ ಒಂದು ವಿಷಯ ಗೊತ್ತಿರಲಿ. ಮನೆಯಲ್ಲಿ ಉಳಿದ ಬಿಳಿ ಬಣ್ಣಕ್ಕೆ ಕಪ್ಪು ಸ್ಟೇನರ್ (ಬಣ್ಣಕ್ಕೆ ಬೆರೆಸುವ ಗಾಢ ಬಣ್ಣದ ದ್ರವ) ಎಷ್ಟು ಸುರಿದರೂ ಅದು ಬೂದು ಬಣ್ಣವೇ ಆಗುತ್ತದೆ. ಬಿಳಿಯೊಳಗಿನ ಬಿಳುಪು ಬಿಡೋದಿಲ್ಲ. ಅಚ್ಚ ಕಪ್ಪು ಬೇಕಾದರೆ ಅಂಗಡಿಯವರು ಮೆಷಿನ್ನಿನಲ್ಲಿ, ಕಡು ಬಣ್ಣಕ್ಕೆ ಅಂತಲೇ ಇರುವ ಬೇಸಿನಲ್ಲಿ, ಅಂದರೆ ಬಿಳುಪಿಲ್ಲದ ಮೂಲ ಬಣ್ಣದಲ್ಲಿ, ಮಾಡಿಕೊಡಬೇಕು. ಸಣ್ಣ ಕೆಲಸಕ್ಕಾದರೆ ಸ್ಟೇಷನರಿ ಅಂಗಡಿಯ ಕಪ್ಪು ಅಕ್ರಿಲಿಕ್ ಬಾಟಲಿ ಸಾಕು. ಬೂದು ಆದರೂ ಬೇಸರ ಬೇಡ, ಬೂದು ಹಲಗೆಯ ಮೇಲೂ ಬಿಳಿ ಸೀಮೆಸುಣ್ಣ ಚೆನ್ನಾಗಿಯೇ ಕಾಣುತ್ತದೆ.

"ವೈಟ್ ಸಿಮೆಂಟ್ ಹಾಕಬಹುದಾ?" ಅಂತ ಒಬ್ಬರು ಅಕ್ಕ ಕೇಳಿದರು. ಹಾಕಬಹುದು, ಆದರೆ ಬಣ್ಣ ಬಿಳಿಚಿಕೊಳ್ಳುತ್ತದೆ, ಗಂಟೂ ಜಾಸ್ತಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡವೇ ಬೇಡ. ಅದು ಕಲಸುತ್ತಿರುವಾಗಲೇ ಗಟ್ಟಿಯಾಗುತ್ತದೆ, ಒಣಗಿದ ಮೇಲೆ ಮೈ ಮೆತ್ತಗೆ. ಅದನ್ನು ಹಾಕಿ ಮಾಡುವ ಇನ್ನೊಂದು ಬಣ್ಣ ಇದೆ, ಚಾಕ್ ಪೇಂಟ್. ಹಳೆ ಕುರ್ಚಿ ಮೇಜುಗಳಿಗೆ ಬಳಿಯುವಂಥದ್ದು, ಅದರ ಮೇಲೆ ಬರೆಯೋದಕ್ಕಲ್ಲ. ಆನ್‌ಲೈನಿನಲ್ಲಿ ತರಿಸುವವರು ಡಬ್ಬದ ಮೇಲಿನ ಹೆಸರು ಸರಿಯಾಗಿ ನೋಡಿಕೊಳ್ಳಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಶಾಲೆಯ ಬೋರ್ಡಿಗೆ ಅಂತ ಬ್ಲ್ಯಾಕ್‌ಬೋರ್ಡ್ ಪೇಂಟ್ ರೆಡಿ ಸಿಗುತ್ತದೆ. ಒಳ್ಳೆಯದೇ, ಗಟ್ಟಿಮುಟ್ಟು. ದೊಡ್ಡ ಗೋಡೆಗೆ ಅದೇ ವಾಸಿ. ಆದರೆ ಸಾಮಾನ್ಯವಾಗಿ ಅದು ಟರ್ಪೆಂಟೈನ್ ಬೆರೆಸುವ ಬಣ್ಣ, ವಾಸನೆ ಎರಡು ಮೂರು ದಿನ ಇರುತ್ತದೆ, ಕಿಟಕಿ ಬಾಗಿಲು ತೆಗೆದಿಡಬೇಕು. ಅಟ್ಟದ ಮೇಲೆ ಹತ್ತು ಹದಿನೈದು ವರ್ಷದ ಹಿಂದಿನ ಡಬ್ಬ ಉಳಿದಿದ್ದರೆ ಅದನ್ನು ಮಾತ್ರ ಮನೆಯೊಳಗೆ ಬಳಸಬೇಡಿ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯದರಲ್ಲಿ ಎಷ್ಟಿದೆಯೋ ಹೇಳೋದಕ್ಕೆ ಆಗೋದಿಲ್ಲ. ಸೀಸ ಮಕ್ಕಳ ಮೆದುಳಿಗೆ ಕೆಟ್ಟದ್ದು, ಅದೂ ಅವರು ಕೈಯಿಟ್ಟು ಉಜ್ಜಿ, ಅದೇ ಕೈ ಬಾಯಿಗೆ ಹಾಕಿಕೊಳ್ಳುವ ಹಲಗೆಗೆ ಬಳಿಯೋದು ಬೇಡ. ಇದೇ ಕಾರಣಕ್ಕೆ, ತುಂಬಾ ಹಳೆ ಬಾಗಿಲ ಎಣ್ಣೆ ಬಣ್ಣವನ್ನು ಒಣಗಾಗಿ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿಕೊಂಡು ಉಜ್ಜಿ, ಮಕ್ಕಳನ್ನು ದೂರ ಕಳಿಸಿ.

ಇನ್ನು ಉಜ್ಜೋದು. ನಮ್ಮ ಪೇಂಟರ್‌ಗಳು ಉಪ್ಪುಕಾಗದ (ಸ್ಯಾಂಡ್‌ಪೇಪರ್) ಅನ್ನುತ್ತಾರಲ್ಲ, ಅದು 120 ನಂಬರಿನದ್ದು ಒಂದು, 220ರದ್ದು ಒಂದು ಇಟ್ಟುಕೊಳ್ಳಿ. ಮೊದಲನೆಯದು ಹಳೆ ಹೊಳಪು ತೆಗೆಯೋದಕ್ಕೆ, ಎರಡನೆಯದು ನುಣ್ಣಗೆ ಮಾಡೋದಕ್ಕೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಅಡುಗೆಮನೆಯ ಗೋಡೆ, ಡಬ್ಬ, ಬಾಗಿಲು ಯಾವುದೇ ಆಗಲಿ, ಒಗ್ಗರಣೆಯ ಜಿಡ್ಡು ಕಣ್ಣಿಗೆ ಕಾಣದಿದ್ದರೂ ಇರುತ್ತದೆ. ಪಾತ್ರೆ ಸೋಪಿನ ಬಿಸಿನೀರಿನಲ್ಲಿ ತೊಳೆಯದೆ ಕೆಲಸ ಶುರು ಮಾಡಬೇಡಿ. ಗೋಡೆಗೆ ಸುಣ್ಣ ಬಳಿದಿದ್ದರೆ ಅದನ್ನು ಕೆರೆದು ತೆಗೆಯಲೇಬೇಕು. ಸುಣ್ಣದ ಪುಡಿಯ ಮೇಲೆ ಬಳಿದ ಬಣ್ಣ ಆ ಪುಡಿಯ ಜೊತೆಗೇ ಉದುರುತ್ತದೆ. ಮಲೆನಾಡು, ಕರಾವಳಿ ಕಡೆಯವರು ಮಳೆಗಾಲದಲ್ಲಿ ಗೋಡೆಗೆ ಕೈಯೇ ಹಾಕಬೇಡಿ. ಗೋಡೆ ನೀರು ಕುಡಿದಿರುತ್ತದೆ, ಆ ತೇವ ಹೊರಗೆ ಬರುವಾಗ ಬಣ್ಣವನ್ನು ತಳ್ಳಿಕೊಂಡೇ ಬರುತ್ತದೆ. ಸಂಕ್ರಾಂತಿ ಕಳೆದ ಮೇಲೆ, ಬಿಸಿಲು ಬಲಿಯುವಾಗ ಮಾಡಿ.

ಬ್ರಷ್ಷಿಗಿಂತ ನಾಲ್ಕಿಂಚಿನ ಸ್ಪಂಜ್ ರೋಲರ್ ಒಳ್ಳೆಯದು. ಬ್ರಷ್ ಗೆರೆ ಉಳಿಸುತ್ತದೆ, ಆ ಗೆರೆಗಳಲ್ಲಿ ಸೀಮೆಸುಣ್ಣದ ಪುಡಿ ಸೇರಿಕೊಂಡು ಬೋರ್ಡು ಯಾವಾಗಲೂ ಮಾಸಲಾಗಿ ಕಾಣುತ್ತದೆ. ಮೊದಲ ಕೋಟು ಅಡ್ಡಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ತೆಳ್ಳಗೆ ಬಳಿಯಿರಿ. ಬದಿಗೆ ಮಾಸ್ಕಿಂಗ್ ಟೇಪ್ ಹಾಕಿದ್ದರೆ ಕೊನೆಯ ಕೋಟು ಇನ್ನೂ ಹಸಿಯಿರುವಾಗಲೇ ಕಿತ್ತುಬಿಡಿ. ಒಣಗಿದ ಮೇಲೆ ಕಿತ್ತರೆ ಅಂಚು ಹರಿದುಕೊಂಡು ಬರುತ್ತದೆ.

ಆಮೇಲೆ ಮೂರು ದಿನ. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಆದರೆ ಒಳಗೆ ಗಟ್ಟಿಯಾಗೋದಕ್ಕೆ ಅಷ್ಟು ಹೊತ್ತು ಬೇಕು. ಮಕ್ಕಳಿರುವ ಮನೆಯಲ್ಲಿ ಇದೇ ಕಷ್ಟದ ಕೆಲಸ. ಹಳೆ ಪೇಪರು ಅಂಟಿಸಿ ಮುಚ್ಚಿಬಿಡಿ, ಬಣ್ಣಕ್ಕೆ ಟೇಪ್ ತಾಗದ ಹಾಗೆ.

ಮೂರು ದಿನ ಆಯಿತು. ಈಗಲೂ ಬರೆಯುವ ಹಾಗಿಲ್ಲ! ಒಂದು ಸೀಮೆಸುಣ್ಣ ತಗೊಳ್ಳಿ, ಅಡ್ಡ ಮಲಗಿಸಿ ಹಿಡಿದು, ಬೋರ್ಡಿನ ಮೈಗೆಲ್ಲ ಮೇಲಿಂದ ಕೆಳಗೆ ಉಜ್ಜಿ. ಆಮೇಲೆ ಎಡದಿಂದ ಬಲಕ್ಕೆ. ಇಡೀ ಹಲಗೆ ಮಂಜು ಕವಿದ ಹಾಗೆ ಬೆಳ್ಳಗಾಗಬೇಕು. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಹೊಸ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗುಳಿಗಳು ಇರುತ್ತವೆ. ಮೊದಲು ಬರೆದದ್ದು ಆ ಗುಳಿಗಳಲ್ಲಿ ಕೂತುಬಿಡುತ್ತದೆ, ಎಷ್ಟು ಒರೆಸಿದರೂ ಆ ಅಕ್ಷರದ ನೆರಳು ಹೋಗೋದಿಲ್ಲ. ಅದಕ್ಕೇ ಎಲ್ಲ ಗುಳಿಗಳನ್ನೂ ಒಂದೇ ಸಮನಾಗಿ ಪುಡಿಯಿಂದ ತುಂಬಿಸಿಬಿಡೋದು. ಇದನ್ನು ಬಿಟ್ಟವರೇ "ನಮ್ಮ ಬೋರ್ಡು ಅಳಿಸೋದೇ ಇಲ್ಲ" ಅಂತ ಬೇಜಾರು ಮಾಡಿಕೊಳ್ಳೋದು. ಒಂದು ಸೀಮೆಸುಣ್ಣದ ಖರ್ಚು, ದಯವಿಟ್ಟು ಬಿಡಬೇಡಿ.

ಸರಿ, ಯಾವುದಕ್ಕೆಲ್ಲ ಬಳಿಯಬಹುದು? ಇಲ್ಲಿ ಬಹಳ ಜನ ಬಾಡಿಗೆ ಮನೆಯವರು ಇದ್ದೀರಿ, ಗೋಡೆ ಮುಟ್ಟುವ ಹಾಗಿಲ್ಲ. ಆರು ಎಂಎಂ ಪ್ಲೈವುಡ್ಡಿನ ತುಂಡು ತಂದು ಅದಕ್ಕೆ ಬಳಿಯಿರಿ, ಮನೆ ಬದಲಿಸುವಾಗ ಜೊತೆಗೇ ಬರುತ್ತದೆ. ಪ್ಲೈವುಡ್ ಅಂಗಡಿಯಲ್ಲಿ, ಕಾರ್ಪೆಂಟರ್ ಹತ್ತಿರ, ಕತ್ತರಿಸಿ ಉಳಿದ ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಇನ್ನೂ ನುಣುಪು, ಆದರೆ ನೀರು ತಾಗಿದರೆ ಉಬ್ಬುತ್ತದೆ. ಸಿಂಕಿನ ಹತ್ತಿರ ಬೇಡ. ಸೀಮೆಸುಣ್ಣ ಇಡೋದಕ್ಕೆ ಕೆಳಗೊಂದು ಪಟ್ಟಿ ಬೇಕಲ್ವಾ, ವೈರಿಂಗ್ ಕೇಸಿಂಗ್ ಅಂತ ಬಿಳಿ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಅದರ ಮುಚ್ಚಳ ತೆಗೆದು, ತೆರೆದ ಬದಿ ಮೇಲಕ್ಕೆ ಬರುವ ಹಾಗೆ ಅಂಟಿಸಿ. ಉದುರುವ ಪುಡಿಯೂ ಅದರಲ್ಲೇ ಬೀಳುತ್ತದೆ, ನೆಲ ಗಲೀಜಾಗೋದಿಲ್ಲ.

ಕಬ್ಬಿಣದ ಬೀರು ಇದೆಯಾ? ಅದರ ಬಾಗಿಲ ಒಳಮೈಗೆ ಬಳಿಯಿರಿ. ಹೊಳಪು ಹೋಗುವಷ್ಟು ಉಜ್ಜಿ, ಬಣ್ಣ ಹಿಡಿಯಲಿ ಅಂತ ಮೊದಲು ಬಳಿಯುವ ಮೆಟಲ್ ಪ್ರೈಮರ್ ಒಂದು ಕೋಟು, ಆಮೇಲೆ ನಮ್ಮ ಬಣ್ಣ. ಇಸ್ತ್ರಿಗೆ ಕೊಟ್ಟ ಬಟ್ಟೆಯ ಲೆಕ್ಕದಿಂದ ಹಿಡಿದು, ಲಾಕರಿನಲ್ಲಿ ಏನಿಟ್ಟಿದ್ದೀರಿ ಅನ್ನೋದನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿ ಬರೆದಿಡಬಹುದು. ಕೆಳಗೆ ಕಬ್ಬಿಣ ಇರುವುದರಿಂದ ಮ್ಯಾಗ್ನೆಟ್ಟೂ ಅಂಟುತ್ತದೆ, ಬಿಲ್ಲುಗಳನ್ನು ಅದರಲ್ಲೇ ಸಿಕ್ಕಿಸಿ.

ಈಗ ನನಗೆ ತುಂಬಾ ಇಷ್ಟವಾದ ಕೆಲಸ, ಮೊರ. ಹಳೆಯ ಬಿದಿರಿನ ಮೊರ, ಅಂಚು ಸಡಿಲವಾಗಿ ಕೇರೋದಕ್ಕೆ ಆಗದೆ ಮೂಲೆಗೆ ಹಾಕಿರುತ್ತೀರಲ್ಲ, ಅದನ್ನು ತೆಗೆಯಿರಿ. ನಮ್ಮ ಅಜ್ಜಿಯರು ಮೊರ ಬುಟ್ಟಿಗಳ ಸಂದಿ ಮುಚ್ಚೋದಕ್ಕೆ ಹಳೆ ಕಾಗದ ನೆನೆಸಿ ಕುಟ್ಟಿ, ನೆನೆದ ಮೆಂತ್ಯ ಅರೆದು ಸೇರಿಸಿ ಮೆತ್ತುತ್ತಿದ್ದರು. ಅದೇ ಕೆಲಸ ಮಾಡಿ. ಕಾಗದ ಎರಡು ದಿನ ನೆನೆಯಲಿ, ನೀರು ಹಿಂಡಿ, ಮೆಂತ್ಯದ ಜೊತೆ ರುಬ್ಬಿ. ಮೆಂತ್ಯದ ಲೋಳೆಯೇ ಅಂಟು. ಮೊರದ ಒಳಮೈಗೆ ತೆಳ್ಳಗೆ ಮೆತ್ತಿ, ಒದ್ದೆ ಅಂಗೈಯಲ್ಲಿ ಸವರಿ ಸಮ ಮಾಡಿ. ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಚೆನ್ನಾಗಿ ಒಣಗಿದ ಮೇಲೆ 220ರ ಕಾಗದದಲ್ಲಿ ಉಜ್ಜಿ, ಬಣ್ಣ ಎರಡು ಕೋಟು. ಬಿದಿರಿನ ಅಂಚನ್ನು ಹಾಗೇ ಬಿಡಿ, ಬಣ್ಣ ತಾಗಿಸಬೇಡಿ. ಕಪ್ಪು ನಡುವಿಗೆ ಆ ಬಿದಿರಿನ ಬಣ್ಣವೇ ಚೌಕಟ್ಟು. ಬಾಗಿಲ ಪಕ್ಕ ನೇತುಹಾಕಿ, ದಿನಕ್ಕೊಂದು ಎಳೆ ರಂಗೋಲಿ ಬಿಡಿಸಿ. ಅಪಾರ್ಟ್‌ಮೆಂಟಿನಲ್ಲಿ ಹೊಸ್ತಿಲ ಮುಂದೆ ನೀರು ಹಾಕೋದಕ್ಕೆ ಆಗೋದಿಲ್ಲ, ರಂಗೋಲಿ ಪುಡಿ ತುಳಿಯುತ್ತಾರೆ ಅಂತ ಸ್ಟಿಕ್ಕರ್ ಅಂಟಿಸಿಕೊಂಡು ಸುಮ್ಮನಾದವರು ಎಷ್ಟು ಜನ ಇಲ್ಲಿ? ಏಳರಿಂದ ನಾಲ್ಕರ ಚುಕ್ಕಿ ಇಟ್ಟು ಕೈಯಲ್ಲೇ ಬಿಡಿಸಿದ ರಂಗೋಲಿಯ ಸಂತೋಷ ಸ್ಟಿಕ್ಕರಿನಲ್ಲಿ ಎಲ್ಲಿ ಬರಬೇಕು ಹೇಳಿ. ಚುಕ್ಕಿಯನ್ನು ಮಾತ್ರ ಬಿಳಿ ಪೇಂಟಿನಲ್ಲಿ ಕಾಯಂ ಆಗಿ ಇಟ್ಟುಬಿಟ್ಟರೆ ಮಕ್ಕಳೂ ದಿನಾ ಎಳೆ ಎಳೆದು ಕಲಿಯುತ್ತಾರೆ.

ಬಣ್ಣ ಕಪ್ಪೇ ಆಗಬೇಕು ಅಂತೇನಿಲ್ಲ. ಮನೆಯಲ್ಲೇ ಕಲಸುವುದರ ದೊಡ್ಡ ಲಾಭ ಇದು, ಯಾವ ಮ್ಯಾಟ್ ಎಮಲ್ಷನ್‌ಗಾದರೂ ಗ್ರೌಟ್ ಸೇರಿಸಬಹುದು. ಸಾಗರ, ಸೊರಬ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯಾಗಿ ಗೆರೆ ಎಳೆಯುತ್ತಾರೆ. ಆ ಕೆಮ್ಮಣ್ಣಿನ ಬಣ್ಣದ ಎಮಲ್ಷನ್ ತಂದು ಹಲಗೆ ಮಾಡಿ, ಅಂಚಿಗೆ ನೇರ ಗೆರೆಗಳ, ತ್ರಿಕೋನಗಳ ಸಾಲು ಎಳೆದು ನೋಡಿ. ಸೀಮೆಸುಣ್ಣಕ್ಕೆ ನೇರ ಗೆರೆ ಬಹಳ ಒಗ್ಗುತ್ತದೆ. ಚಿತ್ತಾರದ ಸೂಕ್ಷ್ಮ ನಮಗೆ ಬರೋದಿಲ್ಲ, ಅದು ಅವರು ತಲೆಮಾರಿನಿಂದ ಕಲಿತ ವಿದ್ಯೆ. ಯಾರಾದರೂ ಎಲ್ಲಿ ನೋಡಿದಿರಿ ಅಂತ ಕೇಳಿದರೆ ಆ ಹೆಸರು ಹೇಳೋದನ್ನು ಮರೆಯಬೇಡಿ.

ಇನ್ನು ಅಡುಗೆಮನೆಯ ಡಬ್ಬಗಳು. ಇದನ್ನೇ ಎಲ್ಲರೂ ಮೊದಲು ಮಾಡುತ್ತಾರೆ, ಇದರಲ್ಲೇ ಜಾಸ್ತಿ ಕೆಡುತ್ತದೆ. ಗಾಜಿನ ಮೈ ನುಣುಪು, ಬಣ್ಣ ಹಿಡಿಯೋದಿಲ್ಲ. ಲೇಬಲ್ ಬರುವ ಜಾಗವನ್ನಷ್ಟೇ ಟೇಪಿನಿಂದ ಗುರುತು ಮಾಡಿಕೊಂಡು, ಮಸುಕಾಗುವವರೆಗೆ ಉಜ್ಜಿ, ಪ್ರೈಮರ್ ಹಚ್ಚಿ ಬಳಿಯಬೇಕು. ಆಮೇಲೂ ನೀರಿನಲ್ಲಿ ನೆನೆಹಾಕಬಾರದು. ಹೊರಮೈಗೆ ಮಾತ್ರ, ಒಳಗಡೆಗಾಗಲಿ ತುಟಿ ತಾಗುವ ಲೋಟದ ಅಂಚಿಗಾಗಲಿ ಬೇಡ. ಇದಕ್ಕಿಂತ ಸುಲಭದ ದಾರಿ ಒಂದಿದೆ. ಮನೆಯಲ್ಲಿ ಲಗ್ನಪತ್ರಿಕೆಗಳು ರಾಶಿ ಬಿದ್ದಿರುತ್ತವೆ, ಒಳ್ಳೆ ದಪ್ಪ ಕಾಗದ, ಎಸೆಯೋದಕ್ಕೆ ಮನಸ್ಸು ಬರೋದಿಲ್ಲ. ಅದನ್ನು ಎರಡಿಂಚು ಅಗಲ, ಮೂರಿಂಚು ಉದ್ದ ಕತ್ತರಿಸಿ, ಹೊಳಪಿಲ್ಲದ ಬದಿಗೆ ಬಣ್ಣ ಬಳಿದು, ತೂತು ಮಾಡಿ, ದಾರದಲ್ಲಿ ಬಾಟಲಿಯ ಕುತ್ತಿಗೆಗೆ ಕಟ್ಟಿ. ಒಂದೇ ಬದಿಗೆ ಬಳಿದರೆ ಕಾಗದ ಸುರುಳಿಕೊಳ್ಳುತ್ತದೆ, ಹಿಂದೆಯೂ ಒಂದು ಕೋಟು ಹಚ್ಚಿದರೆ ನೆಟ್ಟಗೆ ನಿಲ್ಲುತ್ತದೆ. ಬಾಟಲಿ ತೊಳೆಯುವಾಗ ಬಿಚ್ಚಿಟ್ಟರೆ ಆಯಿತು.

ಬರೆಯುವಾಗ ನಮ್ಮ ಅಕ್ಷರದ್ದೇ ಒಂದು ಲೆಕ್ಕ ಇದೆ. ನೆಟ್ಟಿನಲ್ಲಿ ಕಾಣುವ ಚೆಂದದ ಲೇಬಲ್ಲುಗಳೆಲ್ಲ ಇಂಗ್ಲಿಷಿನವು, ಆ ಅಳತೆ ನಮಗೆ ಕೂಡೋದಿಲ್ಲ. "ಮೆಂತ್ಯ" ಅಂತ ಬರೆಯಿರಿ, ತ ಕೆಳಗೆ ಯ ಒತ್ತು ಬರುತ್ತದೆ. "ಕೊತ್ತಂಬರಿ" ಬರೆದರೆ ತ ಕೆಳಗೆ ಇನ್ನೊಂದು ತ. ಚೀಟಿಯ ಮಧ್ಯಕ್ಕೆ ಬರೆದರೆ ಒತ್ತು ಅಂಚಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಮೇಲಿನ ಅರ್ಧದಲ್ಲಿ ಅಕ್ಷರ, ಕೆಳಗೆ ಒತ್ತಿಗೆ ಜಾಗ. ಹೊಸ ಸೀಮೆಸುಣ್ಣದ ತುದಿ ದಪ್ಪ, ಒತ್ತಕ್ಷರ ಬರೆದರೆ ಮುದ್ದೆಯಾಗುತ್ತದೆ. ಪೆನ್ಸಿಲ್ ಮೆಂಡರಿನಲ್ಲಿ ಮೆಲ್ಲಗೆ ಚೂಪು ಮಾಡಿಕೊಳ್ಳಿ, ಇಲ್ಲವೇ ಸ್ಲೇಟಿನ ಬಳಪ ಬಳಸಿ. ಉತ್ತರ ಕರ್ನಾಟಕದವರು ಪಾಟಿ ಅಂತೀರಲ್ಲ, ಆ ಪಾಟಿಯ ಬಳಪ. ಗೆರೆ ಸಣ್ಣಗೆ, ಸ್ಪಷ್ಟವಾಗಿ ಬರುತ್ತದೆ. ಆದರೆ ಬಳಪ ಗಟ್ಟಿ, ಒತ್ತಿ ಬರೆದರೆ ಗೀರು ಬೀಳುತ್ತದೆ, ಹಗುರ ಕೈ ಇರಲಿ. ಬೇಲೂರು ಹಳೇಬೀಡಿನ ಶಿಲ್ಪಗಳೂ ಬಳಪದ ಕಲ್ಲಿನವೇ. ಅದೇ ಜಾತಿಯ ಕಲ್ಲು ನಮ್ಮ ಬೇಳೆ ಡಬ್ಬದ ಚೀಟಿಗೂ ಬಂತು ಅಂದರೆ ನನಗೆ ಖುಷಿಯಾಗುತ್ತದೆ.

ಹೂಕುಂಡದ ಬಗ್ಗೆ ಕೇಳಿದಿರಿ. ಮಣ್ಣಿನ ಕುಂಡ ಒಳಗಿನಿಂದ ನೀರು ಎಳೆದುಕೊಂಡು ಹೊರಗೆ ಬಿಡುತ್ತದೆ, ಬಣ್ಣ ಗುಳ್ಳೆ ಎದ್ದು ಬಿಡುತ್ತದೆ. ಒಳಗೊಂದು ಪ್ಲಾಸ್ಟಿಕ್ ಕುಂಡ ಇಟ್ಟು ಗಿಡ ಅದರಲ್ಲಿ ಹಾಕಿ, ಹೊರಗಿನದಕ್ಕೆ ಬಳಿಯಿರಿ. ದೊಡ್ಡಪತ್ರೆ, ತುಳಸಿ, ಪುದೀನ ಅಂತ ಬರೆದಿಟ್ಟರೆ ಚೆನ್ನಾಗಿರುತ್ತದೆ. ಮಳೆ ಬೀಳುವ ಕಡೆ ಮಾತ್ರ ಇದು ಸುಮ್ನೆ ವ್ಯರ್ಥ.

ಎಲ್ಲಕ್ಕಿಂತ ಅಗ್ಗದ್ದು ಬಣ್ಣವೇ ಇಲ್ಲದ ಬೋರ್ಡು. ಕಡಪ ಕಲ್ಲು. ಶೆಲ್ಫಿಗೆ ಹಾಕಿ ಉಳಿದ ತುಂಡು, ಪಾಲಿಷ್ ಇಲ್ಲದ್ದು, ಕಲ್ಲಿನಂಗಡಿಯ ಮೂಲೆಯಲ್ಲಿ ಬಿದ್ದಿರುತ್ತದೆ. ತೊಳೆದು, 120ರ ಕಾಗದದಲ್ಲಿ ನೀರು ಹಾಕಿ ಉಜ್ಜಿದರೆ ಸಾಕು, ಸೀಮೆಸುಣ್ಣ ಸೊಗಸಾಗಿ ಬರೆಯುತ್ತದೆ, ಒದ್ದೆ ಬಟ್ಟೆಯಲ್ಲಿ ಪೂರ್ತಿ ಹೋಗುತ್ತದೆ. ಭಾರ ಇರುವುದರಿಂದ ನೇತುಹಾಕಬೇಡಿ. ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ, ಅದೂ ಮಕ್ಕಳು ಎಳೆಯದ ಕಡೆ. ನಿಂಬೆಹಣ್ಣು, ಹುಣಸೆಹುಳಿ ತಾಗಿದರೆ ಕಲೆ ಬೀಳುತ್ತದೆ, ಅದು ಸುಣ್ಣದ ಜಾತಿಯ ಕಲ್ಲು.

ಧೂಳಿನ ಬಗ್ಗೆ ಕೇಳಿದವರು ಸರಿಯಾದ ಪ್ರಶ್ನೆ ಕೇಳಿದರು. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಡಸ್ಟರಿನಿಂದ ಒರೆಸಲೇಬೇಡಿ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಬರೆಯಿರಿ. ಡಸ್ಟ್‌ಲೆಸ್ ಅಂತ ಸಿಗುವ ಸೀಮೆಸುಣ್ಣ ಸ್ವಲ್ಪ ಭಾರ, ಪುಡಿ ಹಾರದೆ ಕೆಳಗೆ ಬೀಳುತ್ತದೆ. ಅದೇ ತಗೊಳ್ಳಿ. ಒಲೆಯ ಮೇಲ್ಗಡೆ, ಅನ್ನದ ಪಾತ್ರೆ ತೆರೆದಿಡುವ ಕಡೆ, ಕಂಪ್ಯೂಟರಿನ ಹತ್ತಿರ ಬೋರ್ಡು ಬೇಡ. ಹಬ್ಬಕ್ಕೆ ಬಿಡಿಸಿದ್ದು ನಾಲ್ಕು ದಿನ ಅಳಿಸದೆ ಇರಬೇಕು ಅಂದರೆ ಸೀಮೆಸುಣ್ಣವನ್ನು ಸಕ್ಕರೆ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟು ಬರೆಯಿರಿ. ಬಣ್ಣ ಗಾಢವಾಗಿ ಬರುತ್ತದೆ, ಕೈ ತಾಗಿದರೂ ಹೋಗೋದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ, ದಸರಾ ಗೊಂಬೆ ಕೂರಿಸುವಾಗ ಮೆಟ್ಟಿಲ ಪಕ್ಕ ಇಡುವ ಹಲಗೆಗೆ ಹೀಗೆ ಮಾಡಬಹುದು. ಅಡುಗೆಮನೆಯಲ್ಲಿ ಬೇಡ, ಇರುವೆ ಸಾಲು ಹಿಡಿಯುತ್ತದೆ. ಚಾಕ್ ಮಾರ್ಕರ್ ಅಂತ ಬರುವ ಒದ್ದೆ ಪೆನ್ನುಗಳನ್ನು ಮೂಲೆಯಲ್ಲಿ ಒಂದು ಗೆರೆ ಎಳೆದು, ಒರೆಸಿ ನೋಡದೆ ಬಳಸಬೇಡಿ. ಮನೆಯಲ್ಲಿ ಮಾಡಿದ ಬಣ್ಣ ಆ ಶಾಯಿಯನ್ನು ಕುಡಿದುಬಿಡುತ್ತದೆ, ಆಮೇಲೆ ಅದು ಶಾಶ್ವತ.

ಕಡತ ಮನೆಯಲ್ಲಿ ಮಾಡಬಹುದಾ ಅಂತ ಒಬ್ಬ ಹುಡುಗಿ ಕೇಳಿದಳು, ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಸಂತೋಷ. ಖಂಡಿತ ಮಾಡಬಹುದಮ್ಮ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ, ನುಣ್ಣಗೆ ರುಬ್ಬಿ, ನೀರು ಸೇರಿಸಿ ಗಂಜಿಯ ಹದಕ್ಕೆ ಕುದಿಸಬೇಕು. ಇದ್ದಿಲನ್ನು ಕುಟ್ಟಿ ತೆಳುಬಟ್ಟೆಯಲ್ಲಿ ಸೋಸಿ ಅದಕ್ಕೆ ಕಲಸು. ಹಳೆ ಪಂಚೆಯ ತುಂಡನ್ನು ಹಲಗೆಗೆ ಬಿಗಿಯಾಗಿ ಎಳೆದು ಕಟ್ಟಿ, ಎರಡೂ ಬದಿಗೆ ಬಳಿದು ಒಣಗಿಸು, ಮತ್ತೆ ಬಳಿ. ಬಟ್ಟೆ ಹಲಗೆಯ ಹಾಗೆ ಬಿರುಸಾಗುತ್ತದೆ. ಆಮೇಲೆ ಮಡಿಕೆ ಮಡಿಕೆಯಾಗಿ ಮಡಚಿಕೋ. ಬಳಪದಲ್ಲಿ ಬರಿ, ಒಣ ಬಟ್ಟೆಯಲ್ಲಿ ಮಾತ್ರ ಒರೆಸು. ನೀರು ತಾಗಿದರೆ ಅಂಟು ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಗಾಳಿಯಾಡುವ ಕಡೆ ಇಟ್ಟುಕೋ. ಶಾಲೆಯ ಪ್ರಾಜೆಕ್ಟಿಗೆ ಥರ್ಮಾಕೋಲ್ ಕತ್ತರಿಸೋದಕ್ಕಿಂತ ಇದನ್ನು ಮಾಡಿಕೊ, ನಿಮ್ಮ ಟೀಚರಿಗೂ ತೋರಿಸು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. "ಬೇಜಾರಾದರೆ ಗೋಡೆಯಿಂದ ತೆಗೆಯೋದು ಹೇಗೆ?" ಕೆರೆದು ತೆಗೆಯೋದು ಬೇಕಿಲ್ಲ. ಸೀಮೆಸುಣ್ಣದ ಪುಡಿ ಒಂದಿಷ್ಟೂ ಉಳಿಯದ ಹಾಗೆ ಎರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಅಂಚಿನ ಏಣು ಹೋಗುವ ಹಾಗೆ ಉಜ್ಜಿ. ಪ್ರೈಮರ್ ಎರಡು ಕೋಟು ಹೊಡೆಯಿರಿ, ಒಂದೇ ಕೋಟು ಹೊಡೆದರೆ ಕಪ್ಪು ಮೇಲಕ್ಕೆ ಇಣುಕುತ್ತದೆ. ಆಮೇಲೆ ನಿಮ್ಮ ಗೋಡೆಯ ಬಣ್ಣ. ಬಾಡಿಗೆ ಮನೆಯವರಾದರೆ ಗೋಡೆಗೆ ಕೈ ಹಾಕುವ ಮುಂಚೆಯೇ ಓನರನ್ನು ಕೇಳಿಬಿಡಿ, ಆ ಗೋಡೆಗೆ ಬಳಿದ ಬಣ್ಣವನ್ನೂ ಅರ್ಧ ಲೀಟರ್ ಅವರಿಂದ ಇಸಿದು ಇಟ್ಟುಕೊಳ್ಳಿ, ಬಿಡುವ ದಿನ ಅದೇ ಶೇಡ್ ಹುಡುಕುತ್ತಾ ಅಂಗಡಿ ಅಂಗಡಿ ಸುತ್ತೋದು ತಪ್ಪುತ್ತದೆ.